ಮೂಲೆಯಲ್ಲಿ ಗೀಚಿದ 18¾: ಹಳೇ ಅಮೆರಿಕನ್ ಪತ್ರದ ಅಂಚೆ ದರ, ಠಸ್ಸೆ ಓದುವುದು ಹೇಗೆ?

ಒಂದು ಮಡಚಿದ ಹಾಳೆ. ಸ್ಟಾಂಪ್ ಇಲ್ಲ, ಕವರೂ ಇಲ್ಲ. ಎಡಗಡೆ ಮೇಲೆ ಕೆಂಪು ಮಸಿಯ ದುಂಡು ಠಸ್ಸೆ: ನ್ಯೂಯಾರ್ಕ್, ಮಾರ್ಚ್ 9. ಮಧ್ಯದಲ್ಲಿ ಬಾಸ್ಟನ್ನಿನ ಒಬ್ಬ ವ್ಯಾಪಾರಿಯ ಹೆಸರು. ಬಲ ಮೂಲೆಯಲ್ಲಿ ಯಾರೋ ಅವಸರದಲ್ಲಿ ಗೀಚಿದ ಹಾಗೆ 18¾.

ಕನೆಕ್ಟಿಕಟ್‌ನಲ್ಲಿದ್ದಾಗ ಹಳೇ ಸಾಮಾನಿನ ಅಂಗಡಿಯ ರಟ್ಟಿನ ಡಬ್ಬದಲ್ಲಿ ಸಿಕ್ಕಿದ್ದು ಇದು. ಆ 18¾ ಅನ್ನು ಅಂಗಡಿಯವರು ಹಾಕಿದ ಬೆಲೆ ಅಂದುಕೊಂಡು, "ಈ ಮುಕ್ಕಾಲು ಬಿಟ್ಟುಬಿಡಿ, ಹದಿನೆಂಟಕ್ಕೆ ಕೊಡಿ" ಅಂತ ಚೌಕಾಸಿಗೆ ಇಳಿದಿದ್ದೆ. ಅಂಗಡಿಯಾಕೆ ನಕ್ಕುಬಿಟ್ಟರು. ಅದು ಬೆಲೆಯೇ ಹೌದು, ಆದರೆ ಪತ್ರವನ್ನು ಸಾಗಿಸಿದ್ದಕ್ಕೆ ಅಂಚೆ ಇಲಾಖೆ ಕೇಳಿದ ಬೆಲೆ. ಡಾಲರ್ ಅಲ್ಲ, ಸೆಂಟು. ಪತ್ರಕ್ಕೆ ಅವರು ಹೇಳಿದ್ದು 5 ಡಾಲರ್.

ಹೊಸಬರು ಹಳೇ ಪತ್ರ ಕೈಗೆ ಸಿಕ್ಕಿದ ತಕ್ಷಣ ಠಸ್ಸೆ ಮೇಲೆ ಕಣ್ಣು ನೆಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮೊದಲು ಅಂಕಿ ನೋಡುತ್ತೇನೆ, ಆಮೇಲೆ ಠಸ್ಸೆ. ಪತ್ರ ಎಲ್ಲಿಂದ ಹೊರಟಿತು ಅಂತ ಠಸ್ಸೆ ಹೇಳುತ್ತದೆ, ಸರಿ. ಆದರೆ 1850ಕ್ಕೆ ಮುಂಚಿನ ಠಸ್ಸೆಗಳಲ್ಲಿ ತಿಂಗಳು, ದಿನ ಇರುತ್ತದೆಯೇ ಹೊರತು ವರ್ಷ ಇರುವುದು ಅಪರೂಪ. ವರ್ಷದ ಸುಳಿವು ಅಡಗಿರುವುದು ಅಂಕಿಯಲ್ಲಿ.

ಸ್ಟಾಂಪ್ ಯಾಕಿಲ್ಲ?

ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂತ ಸ್ಟಾಂಪ್ ಬಂದದ್ದು 1847ರ ಜುಲೈ 1ಕ್ಕೆ. ಅದಕ್ಕೆ ಮುಂಚೆ ಪೋಸ್ಟ್‌ಮಾಸ್ಟರ್ ದೂರ ಲೆಕ್ಕ ಹಾಕಿ ಪತ್ರದ ಮೇಲೆ ದರ ಬರೆಯುತ್ತಿದ್ದ. ಬಹುಪಾಲು ಪತ್ರಗಳಿಗೆ ದುಡ್ಡು ಕೊಡುತ್ತಿದ್ದುದು ಪಡೆಯುವವರು. ನಮ್ಮ ಅಜ್ಜಂದಿರ ಕಾಲದ ಬೇರಿಂಗ್ ಕಾಗದ ನೆನಪಿದೆಯಲ್ವಾ? ಹೆಚ್ಚುಕಮ್ಮಿ ಹಾಗೇ. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಬೇರಿಂಗ್ ಬಂದರೆ ಎರಡರಷ್ಟು ದಂಡ, ಅಲ್ಲಿ 1851ರ ತನಕ ಅಂಥ ದಂಡವೇ ಇರಲಿಲ್ಲ. ಹಾಗಾಗಿ ಕಳಿಸುವವರಿಗೆ ಮುಂಚೆಯೇ ದುಡ್ಡು ಕಟ್ಟುವ ದರ್ದೂ ಇರಲಿಲ್ಲ.

ಕವರ್ ಇಲ್ಲದ್ದಕ್ಕೂ ದರವೇ ಕಾರಣ. 1845ರ ತನಕ ದರ ನಿಂತಿದ್ದು ತೂಕದ ಮೇಲಲ್ಲ, ಹಾಳೆಯ ಲೆಕ್ಕದ ಮೇಲೆ. ಒಂದು ಹಾಳೆಗೆ ಒಂದು ದರ, ಎರಡಕ್ಕೆ ಎರಡರಷ್ಟು, ಮೂರಕ್ಕೆ ಮೂರರಷ್ಟು. ಕವರ್ ಹಾಕಿದರೆ ಅದೂ ಒಂದು ಹಾಳೆಯೇ! ಅದಕ್ಕೇ ದೊಡ್ಡ ಹಾಳೆಯಲ್ಲಿ ಬರೆದು, ಮಡಚಿ, ಒಂದು ಮಡಿಕೆಯನ್ನು ಇನ್ನೊಂದರೊಳಗೆ ತುರುಕಿ ಅರಗು ಹಾಕುತ್ತಿದ್ದರು. ಕೆಲವರಂತೂ ಪುಟ ತುಂಬಿದ ಮೇಲೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದದ್ದರ ಮೇಲೆಯೇ ಮತ್ತೆ ಬರೆದರು. ಅಂಥ ಪತ್ರ ಓದುವುದು ದೊಡ್ಡ ತಲೆನೋವು. ಆದರೆ ಎರಡನೇ ಹಾಳೆಯ ದುಡ್ಡು ಉಳಿಯಿತಲ್ಲ.

ಮೊದಲು ಅಂಕಿ

ಬಲಗಡೆ ಮೇಲಿನ ಮೂಲೆ ನೋಡಿ. ಕಬ್ಬಿಣದ ಮಸಿ ಹಳತಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ದರ ಬರೆದ ಮಸಿ ಒಂದು ಬಣ್ಣ, ವಿಳಾಸದ ಮಸಿ ಇನ್ನೊಂದು ಬಣ್ಣ ಇದ್ದರೆ ಗಾಬರಿ ಬೇಡ. ವಿಳಾಸ ಬರೆದದ್ದು ಪತ್ರ ಕಳಿಸಿದವರು, ದರ ಬರೆದದ್ದು ಅಂಚೆಯವರು. ಹಾಗೆ ಇರಬೇಕಾದ್ದೇ.

ಕೈಬರಹದ ಭಿನ್ನರಾಶಿಗಳು ಮೊದಲು ಕಾಡುತ್ತವೆ. ¾ ಎಂಬುದು ಎಷ್ಟೋ ಸಲ ಒಂದು ಸೊಟ್ಟ ಗೆರೆ, ಎರಡು ಕೊಕ್ಕೆ ಅಷ್ಟೇ. 12½ರ ಅರ್ಧವನ್ನು ಸುಮ್ನೆ ಮಸಿ ಚೆಲ್ಲಿದೆ ಅಂತ ಬಿಟ್ಟರೆ 12 ಅಂತ ಓದಿಬಿಡುತ್ತೀರಿ. ಆಗ ಕಾಲವೇ ಬೇರೆಯಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಅದೇ ಹೆಚ್ಚು ಸುಲಭ.

ಈ ಅರ್ಧ, ಮುಕ್ಕಾಲು ಸೆಂಟಿನ ಕಥೆ ನನಗೆ ತುಂಬಾ ಇಷ್ಟ. ಮುಕ್ಕಾಲು ಸೆಂಟಿನ ನಾಣ್ಯ ಅಮೆರಿಕದಲ್ಲಿ ಇರಲೇ ಇಲ್ಲ. ಆದರೆ ಜನರ ಕೈಯಲ್ಲಿ ಓಡಾಡುತ್ತಿದ್ದುದು ಸ್ಪೇನಿನ ಬೆಳ್ಳಿ ನಾಣ್ಯ. ಒಂದು ಸ್ಪ್ಯಾನಿಷ್ ಡಾಲರಿಗೆ ಎಂಟು ರಿಯಾಲ್. ಒಂದು ರಿಯಾಲ್ ಅಂದರೆ 12½ ಸೆಂಟ್, ಅರ್ಧ ರಿಯಾಲ್ 6¼, ಒಂದೂವರೆ ರಿಯಾಲ್ 18¾, ಎರಡು ರಿಯಾಲ್ 25. ಲೆಕ್ಕದ ಪುಸ್ತಕ ಸೆಂಟಿನಲ್ಲಿ, ಜೇಬು ರಿಯಾಲಿನಲ್ಲಿ. ನಮ್ಮಲ್ಲಿ 1957ರಲ್ಲಿ ನಯಾಪೈಸೆ ಬಂದ ಮೇಲೂ 25 ಪೈಸೆಯನ್ನು ನಾಲ್ಕಾಣೆ ಅಂತಲೇ ಕರೆದೆವಲ್ಲ, ಹಾಗೆ. ಈ ವಿದೇಶಿ ನಾಣ್ಯಗಳು ಅಮೆರಿಕದಲ್ಲಿ 1857ರ ತನಕ ಕಾನೂನಿನ ಪ್ರಕಾರವೇ ಚಲಾವಣೆಯಲ್ಲಿದ್ದವು.

ಯಾವ ಕಾಲಕ್ಕೆ ಯಾವ ದರ

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಆಲ್ಬಮಿನೊಳಗೆ ಇಟ್ಟುಕೊಳ್ಳಿ. ದರ ಸೆಂಟಿನಲ್ಲಿ, ದೂರ ಮೈಲಿಯಲ್ಲಿ. ಎಲ್ಲವೂ ಒಂದು ಹಾಳೆಯ ಪತ್ರಕ್ಕೆ.

1792ರ ಜೂನ್ 1ರಿಂದ: 30ರ ತನಕ 6, 60ರ ತನಕ 8, 100ರ ತನಕ 10, 150ರ ತನಕ 12½, 200ರ ತನಕ 15, 250ರ ತನಕ 17, 350ರ ತನಕ 20, 450ರ ತನಕ 22, ಅದಕ್ಕೂ ಜಾಸ್ತಿ ಇದ್ದರೆ 25.

1799ರ ಏಪ್ರಿಲ್ 1ರಿಂದ: 40ರ ತನಕ 8, 90ರ ತನಕ 10, 150ರ ತನಕ 12½, 300ರ ತನಕ 17, 500ರ ತನಕ 20, ಅದರಾಚೆ 25.

1815ರ ಫೆಬ್ರವರಿ 1ರಿಂದ 1816ರ ಮಾರ್ಚ್ 31ರ ತನಕ: 1799ರ ದರದ ಮೇಲೆ ಅದರ ಅರ್ಧ ಜಾಸ್ತಿ.

1816ರ ಏಪ್ರಿಲ್ ಒಂದು ತಿಂಗಳು: ಮತ್ತೆ 1799ರ ದರ.

1816ರ ಮೇ 1ರಿಂದ: 30ರ ತನಕ 6, 80ರ ತನಕ 10, 150ರ ತನಕ 12½, 400ರ ತನಕ 18½, ಅದರಾಚೆ 25. 1825ರ ಕಾನೂನು ಈ 18½ ಅನ್ನು 18¾ ಮಾಡಿತು.

1845ರ ಜುಲೈ 1ರಿಂದ: ಹಾಳೆಯ ಲೆಕ್ಕ ಹೋಯಿತು. ಅರ್ಧ ಔನ್ಸಿಗೆ, ಅಂದರೆ ಸುಮಾರು 14 ಗ್ರಾಮಿಗೆ, 300 ಮೈಲಿಯೊಳಗೆ 5, ದಾಟಿದರೆ 10.

1851ರ ಜುಲೈ 1ರಿಂದ: 3000 ಮೈಲಿಯ ತನಕ, ಮುಂಚೆ ಕಟ್ಟಿದರೆ 3, ಕಟ್ಟದಿದ್ದರೆ 5. ಅದರಾಚೆ 6 ಮತ್ತು 10.

1815ರ ಆ ಹೆಚ್ಚುವರಿಯ ಬಗ್ಗೆ ಒಂದು ಮಾತು, ಅದು ಯುದ್ಧಕಾಲದ್ದು. 1812ರಲ್ಲಿ ಶುರುವಾದ ಬ್ರಿಟನ್ ಜೊತೆಗಿನ ಯುದ್ಧದ ಖರ್ಚಿಗೆ ಅಂತ ಈ ದರ ಏರಿಕೆಗೆ ಸಹಿ ಬಿದ್ದದ್ದು 1814ರ ಡಿಸೆಂಬರ್ 23ಕ್ಕೆ. ಮಾರನೇ ದಿನವೇ, ಡಿಸೆಂಬರ್ 24ಕ್ಕೆ, ಯುರೋಪಿನ ಗೆಂಟ್ ಎಂಬ ಊರಿನಲ್ಲಿ ಶಾಂತಿ ಒಪ್ಪಂದಕ್ಕೂ ಸಹಿ ಆಯಿತು! ಆ ಸುದ್ದಿ ಹಡಗಿನಲ್ಲಿ ಸಮುದ್ರ ದಾಟಿ ನ್ಯೂಯಾರ್ಕಿಗೆ ಬಂದದ್ದು ಫೆಬ್ರವರಿ 11ಕ್ಕೆ. ಅಷ್ಟರಲ್ಲಿ ಜನ ಹತ್ತು ದಿನದಿಂದ ಒಂದೂವರೆ ಪಟ್ಟು ಕೊಡುತ್ತಿದ್ದರು. ಒಮ್ಮೆ ಏರಿದ್ದು ಸುಲಭಕ್ಕೆ ಇಳಿಯುತ್ತದಾ? ಮತ್ತೊಂದು ವರ್ಷ ನಡೆಯಿತು. ಸಂಗ್ರಹ ಮಾಡುವವರಿಗೆ ಮಾತ್ರ ಇದರಿಂದ ಲಾಭವಾಯಿತು. 25½ ಅಂತ ಕಂಡರೆ ಈ ಹದಿನಾಲ್ಕು ತಿಂಗಳ ಪತ್ರವೇ ಅಂತ ಧೈರ್ಯವಾಗಿ ಹೇಳಬಹುದು.

ಈಗ ನನ್ನ ನ್ಯೂಯಾರ್ಕ್–ಬಾಸ್ಟನ್ ಪತ್ರಕ್ಕೆ ಬನ್ನಿ. ಅಂಚೆ ರಸ್ತೆಯಲ್ಲಿ ಇದು 200 ಮೈಲಿ ದಾಟುತ್ತದೆ, 300 ಮುಟ್ಟುವುದಿಲ್ಲ. ಇದೇ ದಾರಿಯ ಪತ್ರಕ್ಕೆ 1800ರಲ್ಲಿ 17 ಸೆಂಟ್. 1815ರಲ್ಲಿ 25½. 1820ರಲ್ಲಿ 18½. 1830ರಲ್ಲಿ 18¾. 1846ರಲ್ಲಿ 5. 1852ರಲ್ಲಿ ಮುಂಚೆ ಕಟ್ಟಿದ್ದರೆ 3. ಊರೂ ಅದೇ, ರಸ್ತೆಯೂ ಹೆಚ್ಚುಕಮ್ಮಿ ಅದೇ, ಬದಲಾದದ್ದು ಮೂಲೆಯ ಅಂಕಿ ಮಾತ್ರ. ಹಾಗಾಗಿ ಒಳಗೆ ಇಣುಕುವ ಮುಂಚೆಯೇ ನನ್ನ ಪತ್ರ 1825ರಿಂದ 1845ರ ನಡುವಿನದು ಅಂತ ಗೊತ್ತಾಯಿತು. ಬಿಡಿಸಿ ನೋಡಿದರೆ 1836.

ಎಲ್ಲ ಅಂಕಿಗಳೂ ಇಷ್ಟು ಉಪಕಾರಿಯಲ್ಲ. 12½, 25, 10 ಇವು ದಶಕಗಟ್ಟಲೆ ಉಳಿದವು. 12½ ನೋಡಿ ವರ್ಷ ಹೇಳಲು ಹೋದರೆ ಎಡವುತ್ತೀರಿ. 18¾ ಸಹ ಒಂದು ಕಡೆ ಕೈ ಕೊಡುತ್ತದೆ: ಯುದ್ಧಕಾಲದಲ್ಲಿ 12½ಕ್ಕೆ ಅದರ ಅರ್ಧ ಸೇರಿಸಿದರೂ 18¾ ಆಗುತ್ತದೆ. ಆದರೆ ಆಗ ಊರುಗಳ ನಡುವಿನ ದೂರ 90ರಿಂದ 150 ಮೈಲಿ ಇರಬೇಕು. 37½ ಇನ್ನೂ ಪೇಚಿನದು. 18¾ರ ಎರಡು ಹಾಳೆಯೂ ಆಗಬಹುದು, 12½ರ ಮೂರು ಹಾಳೆಯೂ ಆಗಬಹುದು, 1815ರಲ್ಲಿ 500 ಮೈಲಿ ದಾಟಿದ ಒಂದೇ ಹಾಳೆಯೂ ಆಗಬಹುದು. ಇದನ್ನು ಬಿಡಿಸುವುದು ದೂರ.

ದೂರ ಹೊಂದುತ್ತದಾ ನೋಡಿ

ಎರಡೂ ಊರುಗಳನ್ನು ಮೊಬೈಲಿನ ಮ್ಯಾಪಿನಲ್ಲಿ ಹಾಕಿ, ರಸ್ತೆಯ ದೂರವನ್ನು ಮೈಲಿಯಲ್ಲಿ ನೋಡಿ. ಮೊದಲ ಅಂದಾಜಿಗೆ ಅಷ್ಟು ಸಾಕು. ಆದರೆ ಅಂಚೆಯವರು ಲೆಕ್ಕ ಹಾಕಿದ್ದು ಕುದುರೆ, ಸಾರೋಟು ಹೋಗುತ್ತಿದ್ದ ಅಂಚೆ ರಸ್ತೆಯನ್ನು. ಅದು ಊರೂರು ಸುತ್ತಿಕೊಂಡು ಹೋಗುತ್ತಿತ್ತು. ಮ್ಯಾಪಿನಲ್ಲಿ 145 ಮೈಲಿ ಬಂದು, ಪತ್ರದಲ್ಲಿ 150ರ ಆಚೆಯ ದರ ಇದ್ದರೆ ತಪ್ಪು ಹುಡುಕಬೇಡಿ. ರಸ್ತೆ ಸುತ್ತು ಹಾಕಿರಬಹುದು.

ದೂರ ನೋಡದೆ ನಾನು ಒಮ್ಮೆ ಕೈ ಸುಟ್ಟುಕೊಂಡೆ. ಆನ್‌ಲೈನಿನಲ್ಲಿ ಒಬ್ಬರು ಒಂದು ಪತ್ರ ಮಾರಾಟಕ್ಕೆ ಇಟ್ಟಿದ್ದರು. ನ್ಯೂ ಓರ್ಲಿಯನ್ಸ್‌ನಿಂದ ನ್ಯೂಯಾರ್ಕಿಗೆ, ದರ 10, "1830ರ ದಶಕದ್ದು" ಅಂತ ವಿವರಣೆ. ಒಳಗಿನ ಅರ್ಧ ಹಾಳೆ ಹರಿದು ಹೋಗಿತ್ತು, ಬರೆದ ತಾರೀಖು ಇರಲಿಲ್ಲ. ಕೊಂಡೆ. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಆ ಎರಡು ಊರುಗಳ ನಡುವೆ ಸಾವಿರ ಮೈಲಿಗೂ ಜಾಸ್ತಿ. 1830ರ ದಶಕದಲ್ಲಿ 400 ದಾಟಿದರೆ 25 ಸೆಂಟ್, ಅದಕ್ಕಿಂತ ಕಮ್ಮಿಗೆ ಹೋಗುವ ಮಾತೇ ಇಲ್ಲ. 10 ಅಂದರೆ 1845ರ ಜುಲೈ ಆದ ಮೇಲಿನದು. 1851ರ ಆಚೆಯ, ದುಡ್ಡು ಕಟ್ಟದ, ಎರಡರಷ್ಟು ತೂಕದ ಪತ್ರವೂ ಆಗಿರಬಹುದು, ಆದರೆ 1830ರದ್ದಂತೂ ಅಲ್ಲವೇ ಅಲ್ಲ. ಮಾರಿದವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ, ಅವರೂ ಠಸ್ಸೆಯನ್ನಷ್ಟೇ ನೋಡಿದ್ದರು. ಕೊಳ್ಳುವ ಮುಂಚೆ ಎರಡು ನಿಮಿಷ ಮ್ಯಾಪ್ ತೆರೆಯಬೇಕಿತ್ತು ನಾನು.

ಅಂಕಿಯ ಪಕ್ಕದ ಮಾತುಗಳು

"ಪೇಯ್ಡ್" ಅಂತ ಇದ್ದರೆ ಕಳಿಸುವವರೇ ಕಟ್ಟಿದ್ದಾರೆ. ಆ ಮಾತು ಇಲ್ಲದೆ ಬರೀ ಅಂಕಿ ಇದ್ದರೆ ಪಡೆಯುವವರು ಕೊಡಬೇಕು. 1845ರ ನಂತರ ಅಂಕಿಗಳಿಗೂ ಅಚ್ಚು ಬಂದವು. 5, 10 ಅಂತ ದುಂಡಿನೊಳಗೆ, ಕೆಲವು ಕಡೆ ರೋಮನ್ ವಿ ಮತ್ತು ಎಕ್ಸ್ ಅಕ್ಷರದಲ್ಲಿ. ಊರಿನ ಠಸ್ಸೆಯೊಳಗೇ ದರ ಕೂರಿಸಿದ್ದೂ ಉಂಟು.

"ಫ್ರೀ" ಅಂತ ಇದ್ದರೆ ಎಲ್ಲಾದರೂ ಒಂದು ಸಹಿ ಹುಡುಕಿ. ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತು) ಸದಸ್ಯರು, ಅಧ್ಯಕ್ಷರು, ಪೋಸ್ಟ್‌ಮಾಸ್ಟರುಗಳು ಸಹಿ ಹಾಕಿ ಪುಕ್ಕಟೆಯಾಗಿ ಕಳಿಸಬಹುದಿತ್ತು. ಸಹಿಯ ಪಕ್ಕ ಪಿ.ಎಂ. ಅಂತ ಎರಡಕ್ಷರ ಇದ್ದರೆ ಯಾವುದೋ ಹಳ್ಳಿಯ ಪೋಸ್ಟ್‌ಮಾಸ್ಟರ್. ಸುಮ್ನೆ ದಾಟಿ ಹೋಗಬೇಡಿ. 1833ರಿಂದ 1836ರ ತನಕ ಇಲಿನಾಯ್‌ನ ನ್ಯೂ ಸೇಲಂ ಎಂಬ ಪುಟ್ಟ ಊರಿನ ಪೋಸ್ಟ್‌ಮಾಸ್ಟರ್ ಆಗಿದ್ದವರು ಅಬ್ರಹಾಂ ಲಿಂಕನ್. ಆ ಸಹಿ ನಮ್ಮ ರಟ್ಟಿನ ಡಬ್ಬದಲ್ಲಿ ಸಿಗುವುದಿಲ್ಲ ಬಿಡಿ, ಆದರೂ ಆಸೆ ಯಾರಪ್ಪನ ಗಂಟು?

"ವೇ" ಅಂದರೆ ಎರಡು ಅಂಚೆ ಕಚೇರಿಗಳ ನಡುವೆ ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನ ಕೈಗೆ ಕೊಟ್ಟದ್ದು. ಅದಕ್ಕೆ 1 ಸೆಂಟ್ ಜಾಸ್ತಿ. "ಸ್ಟೀಮ್" ಅಂದರೆ ನದಿಯ ಉಗಿದೋಣಿಯಲ್ಲಿ ಬಂದದ್ದು. "ಅಡ್ವರ್ಟೈಸ್ಡ್" ಅಂದರೆ ಯಾರೂ ತೆಗೆದುಕೊಳ್ಳಲು ಬಾರದೆ ಪತ್ರಿಕೆಯಲ್ಲಿ ಹೆಸರು ಹಾಕಿಸಿದ್ದು. "ಶಿಪ್" ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಈಗ ಠಸ್ಸೆ

ಸಣ್ಣ ಊರುಗಳಲ್ಲಿ ಠಸ್ಸೆಯೇ ಇರಲಿಲ್ಲ. ಪೋಸ್ಟ್‌ಮಾಸ್ಟರ್ ಊರಿನ ಹೆಸರು, ತಾರೀಖನ್ನು ಕೈಯಲ್ಲೇ ಬರೆಯುತ್ತಿದ್ದ. ದೊಡ್ಡ ಊರುಗಳ ಹಳೇ ಠಸ್ಸೆಗಳು ನೇರ ಸಾಲಿನವು: ಊರಿನ ಹೆಸರು ಒಂದು ಗೆರೆಯಲ್ಲಿ, ಪಕ್ಕದಲ್ಲೋ ಕೆಳಗೋ ತಾರೀಖು. ದುಂಡು ಠಸ್ಸೆ 1800ರ ಸುಮಾರಿನಿಂದ ಹೆಚ್ಚುತ್ತಾ ಹೋಯಿತು. ಕೆಂಪು, ನೀಲಿ, ಕಪ್ಪು, ಅಪರೂಪಕ್ಕೆ ಹಸಿರು ಮಸಿ. ಬಣ್ಣ ನೋಡಿ ವರ್ಷ ಹೇಳುವ ಗೋಜಿಗೆ ಹೋಗಬೇಡಿ, ಒಂದೊಂದು ಕಚೇರಿಯದು ಒಂದೊಂದು ಪದ್ಧತಿ.

ಊರಿನ ಹೆಸರಿಗಿಂತ ಅದರ ಪಕ್ಕದ ರಾಜ್ಯದ ಚುಟುಕು ಅಕ್ಷರ ಹೆಚ್ಚು ಹೇಳುತ್ತದೆ. ಈಗಿನ ಎರಡಕ್ಷರದ ಸಂಕೇತಗಳನ್ನು ತಲೆಯಿಂದ ತೆಗೆದುಬಿಡಿ. ಆಗಿನ ಐ–ಎ ಎಷ್ಟೋ ಪತ್ರಗಳಲ್ಲಿ ಅಯೋವಾ ಅಲ್ಲ, ಇಂಡಿಯಾನಾ. ಒಹಾಯೊಗೆ ಬರೀ ಓ. ಎಂ–ಎಸ್ ಅಂತ ಇದ್ದರೆ ಮ್ಯಾಸಚೂಸೆಟ್ಸ್ ಇರಬಹುದು, ಮಿಸಿಸಿಪ್ಪಿ ಅಂತ ಓಡಬೇಡಿ. ಊರು ಅದೇ ಇದ್ದು ರಾಜ್ಯ ಬದಲಾದದ್ದೂ ಇದೆ. ಮೇನ್ 1820ರ ತನಕ ಮ್ಯಾಸಚೂಸೆಟ್ಸಿನ ಭಾಗ. ಡೆಟ್ರಾಯಿಟ್ ಪಕ್ಕ "ಟೆರಿಟರಿ" ಅಂತ ಇದ್ದರೆ 1837ಕ್ಕೆ ಮುಂಚಿನದು, ಆ ವರ್ಷ ಮಿಷಿಗನ್ ರಾಜ್ಯವಾಯಿತು. ಈಗ ವೆಸ್ಟ್ ವರ್ಜೀನಿಯಾದಲ್ಲಿರುವ ವೀಲಿಂಗ್ ಊರಿನ ಪಕ್ಕ ವರ್ಜೀನಿಯಾ ಅಂತ ಇದ್ದರೆ ಮುದ್ರಣ ದೋಷ ಅಲ್ಲ, ವೆಸ್ಟ್ ವರ್ಜೀನಿಯಾ ಹುಟ್ಟಿದ್ದೇ 1863ರಲ್ಲಿ.

ಒಳಗೆ ನೋಡಿ, ಅಂಚಿನಲ್ಲೂ ನೋಡಿ

ಬರೆದವರು ಒಳಗೆ ಮೇಲುಗಡೆ ಊರು, ತಾರೀಖು ಹಾಕಿದ್ದರೆ ಅರ್ಧ ಕೆಲಸ ಮುಗಿಯಿತು. ಒಳಗಿನ ಹಾಳೆ ಹೋಗಿದ್ದರೂ ಒಂದು ಜಾಗ ಬಾಕಿ ಇದೆ. ವ್ಯಾಪಾರಿಗಳು ಬಂದ ಪತ್ರವನ್ನು ಉದ್ದಕ್ಕೆ ಮಡಚಿ ಗೂಡಿನಲ್ಲಿ ಇಡುತ್ತಿದ್ದರು. ಹುಡುಕಲು ಸುಲಭ ಆಗಲಿ ಅಂತ ಹೊರಗಿನ ಅಂಚಿನಲ್ಲಿ ಕಳಿಸಿದವರ ಹೆಸರು, ತಾರೀಖು, ಉತ್ತರ ಕೊಟ್ಟ ದಿನ ಸಣ್ಣಗೆ ಬರೆದಿಡುತ್ತಿದ್ದರು. ಪತ್ರವನ್ನು ಅಡ್ಡ ತಿರುಗಿಸಿ ನೋಡಿದರೆ ಕಾಣುತ್ತದೆ. ನನ್ನ ಪತ್ರದಲ್ಲೂ ಹಾಗೇ ಒಂದು ಸಾಲಿದೆ. ನ್ಯೂಯಾರ್ಕ್, ಮಾರ್ಚ್ 8, 1836. ಬರೆದ ಮಾರನೇ ದಿನ ಅಂಚೆಗೆ ಬಿದ್ದಿದೆ ಅಂತ ಠಸ್ಸೆಯ 9 ಹೇಳುತ್ತದೆ.

ಸ್ಟಾಂಪ್ ಇದ್ದರೆ

1847ರ ಮೊದಲ ಎರಡು ಸ್ಟಾಂಪುಗಳು 5 ಸೆಂಟಿನ ಫ್ರ್ಯಾಂಕ್ಲಿನ್, 10 ಸೆಂಟಿನ ವಾಷಿಂಗ್ಟನ್. 1851ರ ಜುಲೈ 1ರಿಂದ ಅವು ನಡೆಯಲಿಲ್ಲ. ಮುಂಚೆಯೇ ದುಡ್ಡು ಕಟ್ಟುವುದು ಕಡ್ಡಾಯವಾದದ್ದು 1855ರ ಏಪ್ರಿಲ್ 1ಕ್ಕೆ, ಸ್ಟಾಂಪ್ ಕಡ್ಡಾಯವಾದದ್ದು 1856ರ ಜನವರಿ 1ಕ್ಕೆ. ಹಾಗಾಗಿ 1850ರ ಪತ್ರದಲ್ಲಿ ಸ್ಟಾಂಪ್ ಇಲ್ಲದಿದ್ದರೆ ಯಾರೋ ಕಿತ್ತಿದ್ದಾರೆ ಅಂತ ಅಲ್ಲ. 1847ರ ಸ್ಟಾಂಪಿಗೆ ಈಗ ಒಳ್ಳೇ ಬೆಲೆ ಇರುವುದರಿಂದ ಸ್ಟಾಂಪ್ ಇಲ್ಲದ ಪತ್ರಕ್ಕೆ ತಂದು ಅಂಟಿಸುವವರು ಇದ್ದಾರೆ. ಅಲ್ಲೂ ಅಂಕಿಯನ್ನೇ ಕೇಳಿ. 5 ಸೆಂಟಿನ ಸ್ಟಾಂಪ್ ಇದೆ, ಪಕ್ಕದಲ್ಲಿ ಪಡೆಯುವವರು ಕೊಡಬೇಕು ಅನ್ನುವ ಹಾಗೆ ಬರೀ 5 ಇದೆ, "ಪೇಯ್ಡ್" ಇಲ್ಲ. ಒಂದೇ ಪತ್ರಕ್ಕೆ ಇಬ್ಬರೂ ಯಾಕೆ ಕಟ್ಟಬೇಕು? ಅಂಥದ್ದನ್ನು ನಾನು ಮುಟ್ಟುವುದಿಲ್ಲ. ಬೆಲೆ ಜಾಸ್ತಿ ಇದ್ದರೆ ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್‌ನಂಥ ಸಂಸ್ಥೆಯ ಪ್ರಮಾಣಪತ್ರ ಇದೆಯಾ ಕೇಳಿ.

ಕೈಯಲ್ಲಿ ಹಿಡಿಯುವ ಬಗ್ಗೆ ಮೂರೇ ಮಾತು. ಸೆಲೋ ಟೇಪ್ ಬೇಡ, ಲ್ಯಾಮಿನೇಶನ್ ಖಂಡಿತ ಬೇಡ, ಅರಗನ್ನು ಕೆರೆಯಬೇಡಿ. ಮಡಿಕೆಯಲ್ಲಿ ಹಾಳೆ ಸೀಳುತ್ತದೆ, ಆದ್ದರಿಂದ ಒಮ್ಮೆ ಬಿಡಿಸಿ ಎರಡೂ ಕಡೆ ಫೋಟೋ ತೆಗೆದುಕೊಂಡು, ಆಮೇಲೆ ಫೋಟೋದಲ್ಲೇ ಓದಿ. ಪಿವಿಸಿ ಕವರಿನ ಬದಲು ಪಾಲಿಯೆಸ್ಟರ್ ಕವರ್. ಮಲೆನಾಡು, ಕರಾವಳಿಯಲ್ಲಿ ಇರುವವರು ಮಳೆಗಾಲದಲ್ಲಿ ಡಬ್ಬದೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ತೆರೆದು ನೋಡುತ್ತಿರಿ, ಬೂಷ್ಟಿಗೆ ಇನ್ನೂರು ವರ್ಷದ ಹಾಳೆ ಅಂತ ಮರ್ಯಾದೆ ಇಲ್ಲ.

ಒಂದು ಲೆಕ್ಕ ಬಿಡಿಸಿ

ಹಡಗಿನ ಪತ್ರದ್ದು ಬಾಕಿ ಇದೆ. 1833ರಲ್ಲಿ ಬಾಸ್ಟನ್ನಿನಿಂದ ಟಸ್ಕನಿ ಎಂಬ ಹಡಗು ಮಂಜುಗಡ್ಡೆ ತುಂಬಿಕೊಂಡು ಕಲ್ಕತ್ತಾಕ್ಕೆ ಬಂದಿತ್ತು. ಅಮೆರಿಕದ ಬಾಸ್ಟನ್, ಸೇಲಂ ಬಂದರುಗಳಿಗೂ ಕಲ್ಕತ್ತಾಕ್ಕೂ ಆ ಕಾಲದಲ್ಲಿ ವ್ಯಾಪಾರ ಜೋರಾಗಿತ್ತು. ಹಾಗಾಗಿ ನಮ್ಮ ದೇಶದಿಂದ ಹೋದ ಪತ್ರಗಳೂ ಅಲ್ಲಿನ ಹಳೇ ಡಬ್ಬಗಳಲ್ಲಿ ಸಿಗುತ್ತವೆ. ನಿಯಮ ಸರಳ. ಖಾಸಗಿ ಹಡಗಿನಲ್ಲಿ ಬಂದ ಪತ್ರ ಬಂದರಿನ ಊರಿನಲ್ಲೇ ಬಟವಾಡೆ ಆದರೆ 6 ಸೆಂಟ್. ಬೇರೆ ಊರಿಗೆ ಹೋಗಬೇಕಾದರೆ ಅಲ್ಲಿಂದ ಮುಂದಿನ ಒಳನಾಡ ದರದ ಮೇಲೆ 2 ಸೆಂಟ್.

ಈಗ ನಿಮ್ಮ ಕೈಗೆ ಒಂದು ಪತ್ರ ಬಂತು ಅಂದುಕೊಳ್ಳಿ. ಬಾಸ್ಟನ್ನಿನ ದುಂಡು ಠಸ್ಸೆ, ವರ್ಷ ಇಲ್ಲ. ಪಕ್ಕದಲ್ಲಿ "ಶಿಪ್". ವಿಳಾಸ ನ್ಯೂಯಾರ್ಕಿನದು. ಮೂಲೆಯಲ್ಲಿ 20¾. ಮೇಲಿನ ಪಟ್ಟಿಯಲ್ಲಿ ಎಲ್ಲಿ ಹುಡುಕಿದರೂ 20¾ ಇಲ್ಲ. 2 ಕಳೆಯಿರಿ, 18¾ ಉಳಿಯಿತು. ಬಾಸ್ಟನ್ನಿನಿಂದ ನ್ಯೂಯಾರ್ಕ್, ಒಂದೇ ಹಾಳೆ, 1825ರಿಂದ 1845ರ ನಡುವೆ. ಆ 2 ಸೆಂಟ್ ಹಡಗಿನ ಕ್ಯಾಪ್ಟನ್‌ಗೆ ಹೋಯಿತು.